ಚೊಚ್ಚಲು ಖಿಲಾರಿ ಹಸುವಿನ ಕೆಚ್ಚಲನ್ನು ನೋಡಿಕೊಳ್ಳುವ ಬಗೆ

ಖಿಲಾರಿ ತಳಿಯ ಹಸುವನ್ನು ಹಾಲಿನ ಲೆಕ್ಕ ಹಾಕಿ ಸಾಕುವವರು ಕಡಿಮೆ. ಗಟ್ಟಿಮುಟ್ಟಾದ ಹೋರಿಗರು ಹುಟ್ಟಲಿ, ಅದು ಬೆಳೆದು ನೊಗಕ್ಕೆ ಬರಲಿ ಎಂದೇ ಹೆಚ್ಚಿನವರು ಸಾಕುತ್ತಾರೆ. ಎತ್ತಿನ ಗಾಡಿಯ ಓಟಕ್ಕೆ ಸುಪ್ರೀಂ ಕೋರ್ಟು 2021ರ ಡಿಸೆಂಬರಿನಲ್ಲಿ ಅವಕಾಶ ಕೊಟ್ಟು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠವು ಆ ಓಟಕ್ಕೆ ಅನುಮತಿ ಕೊಡುವ ಮಹಾರಾಷ್ಟ್ರದ ತಿದ್ದುಪಡಿ ಕಾಯ್ದೆಯನ್ನು ಎತ್ತಿಹಿಡಿದ ಮೇಲಂತೂ ಪುಣೆ ಜಿಲ್ಲೆಯ ಖೇಡ್, ಆಂಬೇಗಾವ್, ಜುನ್ನರ್, ಮಾವಳ, ಶಿರೂರು ತಾಲ್ಲೂಕುಗಳಲ್ಲಿ ಒಳ್ಳೆಯ ಖಿಲಾರಿ ಕರುವಿಗೆ ಬೇಡಿಕೆ ಬೆಳೆದಿದೆ. ಇಂಡಿ, ಚಡಚಣ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ತೋಟ ಮಾಡಿಕೊಂಡಿರುವ, ಅಥವಾ ಬೇರೆಯವರ ತೋಟ ನೋಡಿಕೊಂಡಿರುವ ಕನ್ನಡಿಗರಲ್ಲಿ ಊರಿನಿಂದಲೇ ಕಡಸು ತಂದು ಕಟ್ಟಿದವರಿದ್ದಾರೆ. ಮೊದಲ ಸಲ ಕರು ಹಾಕಲಿರುವ ಅಂಥ ಕಡಸಿನ ಕೆಚ್ಚಲನ್ನು ಹೇಗೆ ನೋಡಿಕೊಳ್ಳಬೇಕು, ಕರುವಿಗೆ ಹಾಲು ಸಾಲುತ್ತಿದೆಯೇ ಇಲ್ಲವೇ ಎಂದು ಹೇಗೆ ತಿಳಿಯಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಹಾಲಿಗಾಗಿಯೇ ಸಾಕಿದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಹಸುವಿನ ಕೆಚ್ಚಲಿಗೆ ದಿನಕ್ಕೆ ಎರಡು ಸಲ ಮನುಷ್ಯನ ಕೈ ತಾಗುತ್ತದೆ. ಒಂದು ಮೊಲೆಯಲ್ಲಿ ಗಡ್ಡೆ ಕಂಡರೆ, ಹಾಲು ನೀರಾಗಿ ಬಂದರೆ, ಹಿಂಡುವವನಿಗೆ ಅದೇ ಹೊತ್ತಿಗೆ ಗೊತ್ತಾಗುತ್ತದೆ. ಕರುವಿಗೇ ಹಾಲು ಬಿಡುವ ಹಸುವಿನಲ್ಲಿ ಈ ಕಾವಲು ಇರುವುದಿಲ್ಲ. ಕರು ತನಗೆ ಸುಲಭವಾದ ಮೊಲೆಗಳನ್ನು ಚೀಪಿ, ಬೇನೆಯಾದ ಮೊಲೆಯನ್ನು ಬಿಟ್ಟುಬಿಡುತ್ತದೆ. ನಾವು ದೂರದಿಂದ ನೋಡಿ ಕರು ಹಾಲು ಕುಡಿಯುತ್ತಿದೆ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಆರು ವರ್ಷಗಳ ಹಿಂದೆ ಶಿರೂರು ತಾಲ್ಲೂಕಿನ ನಮ್ಮ ಕೊಟ್ಟಿಗೆಯಲ್ಲಿ ನಡೆದದ್ದು ಇದೇ. ಚೊಚ್ಚಲು ಹಸುವಿನ ಮುಂದಿನ ಬಲ ಮೊಲೆ ಹುಟ್ಟಿನಿಂದಲೇ ಕಟ್ಟಿಕೊಂಡಿತ್ತೋ, ಈದ ಮೇಲೆ ಕೆಟ್ಟಿತೋ ನನಗೆ ತಿಳಿಯಲಿಲ್ಲ, ಏಕೆಂದರೆ ನಾನು ಒಂದು ದಿನವೂ ಅದನ್ನು ಮುಟ್ಟಿ ನೋಡಿರಲಿಲ್ಲ. ಹದಿನೆಂಟನೆಯ ದಿನ ಕರು ಸೊರಗಿದ್ದನ್ನು ಕಂಡು ಕೆಚ್ಚಲಿಗೆ ಕೈ ಹಾಕಿದಾಗ ಆ ಭಾಗ ಕಲ್ಲಿನಂತಾಗಿತ್ತು. ಆ ಮೊಲೆ ಮತ್ತೆಂದೂ ಹಾಲು ಕೊಡಲಿಲ್ಲ. ಊರಿನಲ್ಲಿ ನಮ್ಮ ಅವ್ವ, ಹಿಂಡದ ಹಸುವಾದರೂ ಸರಿ, ಸಂಜೆ ದೀಪ ಹಚ್ಚುವ ಮುನ್ನ ಅದರ ಕೆಚ್ಚಲ ಮೇಲೆ ಒಮ್ಮೆ ಕೈಯಾಡಿಸಿ ಬರುತ್ತಿದ್ದಳು. ಅದರ ಅರ್ಥ ನನಗೆ ಅಂದು ತಿಳಿಯಿತು, ಮುಂದೆ ಬರೆದಿರುವುದೆಲ್ಲ ಆ ಅಭ್ಯಾಸದ ಸುತ್ತಲೇ ಇದೆ.

ಮಾಂಸಕ್ಕಾಗಿ ಆಂಗಸ್, ಹೆರಿಫರ್ಡ್ ತಳಿಗಳನ್ನು ಸಾಕುವ ಅಮೆರಿಕದಂಥ ದೇಶಗಳಲ್ಲಿಯೂ ತೊಂದರೆ ಇಂಥದ್ದೇ. ಅಲ್ಲಿಯೂ ಹಸುವನ್ನು ಯಾರೂ ಹಿಂಡುವುದಿಲ್ಲ. ತಾಯಿಯ ಹಾಲನ್ನು ಕರುವಿನ ತೂಕದಿಂದ, ಅದೂ 205 ದಿನಗಳ ವಯಸ್ಸಿಗೆ ಹೊಂದಿಸಿದ ತೂಕದಿಂದ ಅಳೆಯುತ್ತಾರೆ. ಈದ 24 ಗಂಟೆಗಳ ಒಳಗೆ ಪ್ರತಿಯೊಂದು ಹಸುವಿನ ಕೆಚ್ಚಲಿಗೆ ಎರಡು ಅಂಕ ಕೊಡುತ್ತಾರೆ: ಕೆಚ್ಚಲು ಎಷ್ಟು ಬಿಗಿಯಾಗಿ ಹೊಟ್ಟೆಗೆ ಅಂಟಿಕೊಂಡಿದೆ ಎಂಬುದಕ್ಕೆ ಒಂದು, ಮೊಲೆ ಎಷ್ಟು ದಪ್ಪವಾಗಿದೆ ಎಂಬುದಕ್ಕೆ ಇನ್ನೊಂದು. ಎರಡೂ 1ರಿಂದ 9ರವರೆಗೆ ಇರುತ್ತವೆ. ಜೋತುಬಿದ್ದ ಕೆಚ್ಚಲಿಗೂ ಬಾಟಲಿಯಂಥ ಮೊಲೆಗೂ 1, ಬಿಗಿಯಾದ ಕೆಚ್ಚಲಿಗೂ ಚಿಕ್ಕ ಮೊಲೆಗೂ 9. ಪ್ರತಿ ಈತಕ್ಕೂ ಈ ಎರಡು ಅಂಕಿಗಳನ್ನು ನಮ್ಮ ಪುಸ್ತಕದಲ್ಲಿಯೂ ಬರೆದಿಟ್ಟುಕೊಳ್ಳಲು ಖರ್ಚೇನೂ ಇಲ್ಲ.

ಈಯುವುದಕ್ಕೆ ಎರಡು ತಿಂಗಳು ಮೊದಲು

ಕೆಚ್ಚಲು ಹೊರಗಿನಿಂದ ಒಂದೇ ಚೀಲದಂತೆ ಕಂಡರೂ ಒಳಗೆ ನಾಲ್ಕು ಬೇರೆ ಬೇರೆ ಭಾಗಗಳಿವೆ. ಒಂದು ಭಾಗದಲ್ಲಿ ಹುಟ್ಟಿದ ಹಾಲು ಇನ್ನೊಂದು ಮೊಲೆಯಿಂದ ಬರುವುದಿಲ್ಲ. ಒಂದು ಮೊಲೆ ಹೋದರೆ ಆ ಭಾಗದ ಹಾಲು ಹೋದಂತೆಯೇ. ಗಬ್ಬದ ಅವಧಿ ಸುಮಾರು 280ರಿಂದ 290 ದಿನ ಎಂದು ಹಿಡಿದರೆ, ಕಡಸಿನ ಕೆಚ್ಚಲು ಕಣ್ಣಿಗೆ ಕಾಣುವಂತೆ ತುಂಬಿಕೊಳ್ಳುವುದು ಕೊನೆಯ ಒಂದು ಒಂದೂವರೆ ತಿಂಗಳಲ್ಲಿ. ಅದಕ್ಕಿಂತ ಮೊದಲೇ ನಾವು ಕೈಯಾಡಿಸಲು ಆರಂಭಿಸಬೇಕು.

ಏಳನೆಯ ತಿಂಗಳು ತುಂಬಿದ ದಿನದಿಂದ, ಮೈ ಉಜ್ಜುವ ಹೊತ್ತಿನಲ್ಲಿಯೇ, ಮೊದಲು ತೊಡೆಯ ಮೇಲೆ, ಆಮೇಲೆ ಹೊಟ್ಟೆಯ ಕೆಳಗೆ, ಕೊನೆಗೆ ಕೆಚ್ಚಲ ಮೇಲೆ ಕೈ ಇಟ್ಟು ಅದಕ್ಕೆ ರೂಢಿ ಮಾಡಿಸಬೇಕು. ಖಿಲಾರಿ ಸ್ವಭಾವತಃ ಚುರುಕು ಜಾತಿ, ಹೊಸಬರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ; ಕೈಗೆ ರೂಢಿಯಾಗದ ಕಡಸು ಈದ ದಿನ ಕೆಚ್ಚಲ ನೋವಿಗೆ ಕರುವನ್ನೇ ಒದೆಯುತ್ತದೆ. ಅವಸರ ಮಾಡದೆ, ಪ್ರತಿದಿನ ಒಬ್ಬರೇ, ಒಂದೇ ಹೊತ್ತಿಗೆ ಹೀಗೆ ಮಾಡಿದರೆ ಎರಡು ಮೂರು ವಾರಗಳಲ್ಲಿ ಅದು ಕಾಲು ಎತ್ತುವುದನ್ನು ಬಿಡುತ್ತದೆ. ಮುಟ್ಟುವಾಗ ನಾಲ್ಕು ಮೊಲೆಗಳೂ ಒಂದೇ ಅಳತೆಯಲ್ಲಿವೆಯೇ, ಒಂದು ಭಾಗ ಉಳಿದವಕ್ಕಿಂತ ಬಿಸಿಯಾಗಿದೆಯೇ ಅಥವಾ ಗಡುಸಾಗಿದೆಯೇ, ಮೊಲೆಯ ತುದಿಯಲ್ಲಿ ಹುಣ್ಣು, ಹಕ್ಕಳೆ, ಉಣ್ಣೆ ಹುಳ ಇವೆಯೇ ಎಂದು ನೋಡಬೇಕು. ಈಯುವ ಮೊದಲು ಮೊಲೆಯನ್ನು ಹಿಂಡಿ ನೋಡಬಾರದು. ಮೊಲೆಯ ತೂತನ್ನು ಮುಚ್ಚಿರುವ ಮೇಣದಂಥ ಬಿರಡೆ ಕಿತ್ತುಬಂದರೆ ರೋಗಾಣುಗಳಿಗೆ ಬಾಗಿಲು ತೆರೆದಂತಾಗುತ್ತದೆ.

ಕರು ಹಾಕದ ಕಡಸಿಗೆ ಕೆಚ್ಚಲು ಬಾವು ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ಮೊಲೆಯ ತುದಿಯನ್ನು ಕಚ್ಚುವ ನೊಣಗಳು, ಒಂದರ ಮೊಲೆಯನ್ನು ಇನ್ನೊಂದು ಚೀಪುವ ಕರುಗಳ ಚಟ, ಮಳೆಗಾಲದ ಕೆಸರು, ಇವುಗಳಿಂದ ಈಯುವ ಮೊದಲೇ ಸೋಂಕು ಒಳಸೇರುತ್ತದೆ. ಮಾವಳ, ಭೋರ್ ಕಡೆಯ ಮಳೆಯಲ್ಲಿ ಕೊಟ್ಟಿಗೆಯ ನೆಲ ಒಣಗುವುದೇ ಇಲ್ಲವಾದ್ದರಿಂದ, ಜೂನ್‌ನಿಂದ ಸೆಪ್ಟೆಂಬರಿನ ನಡುವೆ ಈಯುವ ಕಡಸಿಗೆ ಎತ್ತರದ ಒಣ ಜಾಗ ಮಾಡಿಕೊಟ್ಟು, ಬಗಸೆ (ಕಬ್ಬು ಅರೆದು ಉಳಿದ ಸಿಪ್ಪೆ) ಅಥವಾ ಕಬ್ಬಿನ ಒಣ ಎಲೆಯ ರವದಿ ಹಾಸಿ, ಒದ್ದೆಯಾದದ್ದನ್ನು ದಿನವೂ ತೆಗೆಯಬೇಕು. ಚಟ ಹತ್ತಿದ ಕರುವನ್ನು ಗುಂಪಿನಿಂದ ಬೇರೆ ಕಟ್ಟಬೇಕು. ಬೇನೆಯಾದ ಮೊಲೆಯ ಹಾಲನ್ನು ಹೆಣ್ಣುಗರುಗಳಿಗೆ ಕುಡಿಸಲೇಬಾರದು.

ಮೇವಿನ ಬಗ್ಗೆ ಎರಡು ಮಾತು. ದೌಂಡ್, ಬಾರಾಮತಿ, ಉರುಳಿಯ ಕಡೆ ಕಬ್ಬಿನ ಹಂಗಾಮಿನಲ್ಲಿ ಸೋಗೆಯೇ, ಅಂದರೆ ಕಬ್ಬಿನ ತುದಿಯ ಹಸಿರು ಎಲೆಯೇ, ಮುಖ್ಯ ಮೇವಾಗುತ್ತದೆ. ಮರಾಠಿಯವರು ಇದನ್ನು ವಾಢೆ ಎನ್ನುತ್ತಾರೆ. ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುವುದರಿಂದ ಬರಿಯ ಸೋಗೆಯ ಮೇಲೆ ಗಬ್ಬದ ಕಡಸನ್ನು ಇಡಬಾರದು. ಜೋಳದ ಕಣಿಕೆ, ಒಂದಿಷ್ಟು ಹಸಿರು ಮೇವು, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಕೊನೆಯ ಎರಡು ತಿಂಗಳು ಒಂದೂವರೆಯಿಂದ ಎರಡು ಕಿಲೊ ಹಿಂಡಿ-ಬೂಸಾ ಇದ್ದರೆ ಸಾಕು. ಕೊನೆಯ ಮೂರು ವಾರ ಉಪ್ಪನ್ನೂ ಕಾಕಂಬಿಯನ್ನೂ ಕೈಬಿಡುವುದು ಒಳ್ಳೆಯದು, ಏಕೆಂದರೆ ಅವು ಕೆಚ್ಚಲಿನ ನೀರೂತವನ್ನು ಹೆಚ್ಚಿಸುತ್ತವೆ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಹಿಂದಿನ ವಯಸ್ಸಿಗೆ ಸೇರಿದ್ದು: ಮೊದಲ ಬೆದೆಗೆ ಬರುವ ಮುನ್ನ ಹೆಣ್ಣುಗರುವನ್ನು ಅತಿಯಾಗಿ ತಿನ್ನಿಸಿ ಕೊಬ್ಬಿಸಿದರೆ ಕೆಚ್ಚಲಿನೊಳಗೆ ಹಾಲು ಮಾಡುವ ಅಂಗಾಂಶದ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಅಂಥ ಕಡಸು ಮುಂದೆ ನೋಡಲು ಚೆಂದ ಕಂಡರೂ ಕರುವಿಗೆ ಹಾಲು ಸಾಲದಾಗುತ್ತದೆ.

ನೀರೂತವೋ, ಕೆಚ್ಚಲು ಬಾವೋ

ಚೊಚ್ಚಲು ಹಸುಗಳಲ್ಲಿ ಈಯುವ ಮುನ್ನ ಕೆಚ್ಚಲು ಊದಿಕೊಂಡು, ಕೆಲವೊಮ್ಮೆ ಹೊಕ್ಕುಳದವರೆಗೂ ಊತ ಹರಡುವುದು ಸಾಮಾನ್ಯ. ಇದು ರೋಗವಲ್ಲ. ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರೆ ಕಣಕದ ಹಿಟ್ಟಿನಲ್ಲಿ ಗುಳಿ ಬಿದ್ದಂತೆ ಗುಳಿ ಬಿದ್ದು, ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ. ನಾಲ್ಕೂ ಭಾಗಗಳಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತದೆ. ಮುಟ್ಟಿದರೆ ಬಿಸಿ ಇರುವುದಿಲ್ಲ. ಹಸು ಮೇಯುವುದನ್ನು ಬಿಡುವುದಿಲ್ಲ. ಈದ ಮೇಲೆ ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ದಿನಕ್ಕೆ ಎರಡು ಮೂರು ಸಲ ಕಾವು ಕೊಟ್ಟು, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ನೀವುತ್ತ ಬಂದರೆ, ದಿನಾ ಸ್ವಲ್ಪ ದೂರ ನಡೆಸಿದರೆ ಬೇಗ ಕಡಿಮೆಯಾಗುತ್ತದೆ. ಊತ ಮೊಲೆಗಳಿಗೂ ಇಳಿದು ಅವು ಗಿಡ್ಡವಾಗಿ ಕರುವಿನ ಬಾಯಿಗೆ ಸಿಗದಂತಾದರೆ ವೈದ್ಯರನ್ನು ಕೇಳಬೇಕು; ನೀರಿಳಿಸುವ ಔಷಧಿಯನ್ನು ಅವರೇ ನಿರ್ಧರಿಸಬೇಕು.

ಕೆಚ್ಚಲು ಬಾವು ರೋಗದ ಲಕ್ಷಣಗಳು ಬೇರೆ. ಒಂದೋ ಎರಡೋ ಭಾಗಗಳು ಮಾತ್ರ ಬಿಸಿಯಾಗಿ, ಕೆಂಪಾಗಿ, ಗಡುಸಾಗಿರುತ್ತವೆ, ಒತ್ತಿದರೆ ಗುಳಿ ನಿಲ್ಲುವುದಿಲ್ಲ, ಮುಟ್ಟಿದರೆ ಹಸು ಒದೆಯುತ್ತದೆ. ಈದ ನಂತರ ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಲೋಟದ ಮೇಲೆ ಹಿಂಡಿ ನೋಡಿದರೆ ಗಡ್ಡೆ, ಎಳೆ, ನೀರಿನಂಥ ಹಾಲು, ಕೀವು ತಕ್ಷಣ ಕಣ್ಣಿಗೆ ಬೀಳುತ್ತವೆ. ನೆಲದ ಮೇಲೆ ಹಿಂಡಿ ನೋಡುವ ರೂಢಿ ಬೇಡ. ಅದು ಸೋಂಕನ್ನು ಹಾಸಿಗೆಗೆ ಹರಡುತ್ತದೆ. ಈದ ಹೊಸತರಲ್ಲಿ ಹಾಲಿನಲ್ಲಿ ತೆಳು ಗುಲಾಬಿ ಬಣ್ಣ ಕಂಡರೆ ಗಾಬರಿಪಡಬೇಕಾಗಿಲ್ಲ. ಊತದಿಂದ ಸಣ್ಣ ರಕ್ತನಾಳಗಳು ಒಡೆದು ಹಾಗಾಗುತ್ತದೆ, ಕೆಲವು ದಿನಗಳಲ್ಲಿ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಜೋರಾಗಿ ನೀವುವುದನ್ನು ಮಾತ್ರ ನಿಲ್ಲಿಸಬೇಕು.

ಹೊರಗೆ ಏನೂ ಕಾಣದ, ಒಳಗೇ ಹಾಲು ಕಡಿಮೆ ಮಾಡುವ ಬಾವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ತೊಳೆಯುವ ಪುಡಿ ಕರಗಿಸಿಟ್ಟುಕೊಂಡು, ನಾಲ್ಕು ಬಟ್ಟಲುಗಳಲ್ಲಿ ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ಒಂದು ಚಮಚದಷ್ಟು ಹಿಂಡಿ, ಅಷ್ಟೇ ಪ್ರಮಾಣದ ಸಾಬೂನು ನೀರು ಬೆರೆಸಿ ಮೆಲ್ಲಗೆ ಸುತ್ತಿಸಬೇಕು. ಒಳ್ಳೆಯ ಹಾಲು ನೀರಾಗಿಯೇ ಉಳಿಯುತ್ತದೆ. ಬೇನೆಯ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಗಿಣ್ಣು ಹಾಲು ಯಾವಾಗಲೂ ಲೋಳೆಯಾಗುವುದರಿಂದ ಈದ ಐದು ದಿನಗಳವರೆಗೆ ಈ ಪರೀಕ್ಷೆಯನ್ನು ನಂಬಬಾರದು.

ಬಾವು ಎಂದು ಖಚಿತವಾದರೆ ಮೊದಲ ಕೆಲಸ ಆ ಮೊಲೆಯನ್ನು ಖಾಲಿ ಮಾಡುವುದು. ದಿನಕ್ಕೆ ನಾಲ್ಕೈದು ಸಲ ಪೂರ್ತಿ ಹಿಂಡಿ, ಆ ಹಾಲನ್ನು ದೂರದ ಗುಂಡಿಗೆ ಹಾಕಬೇಕು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಪ್ರಚಾರ ಮಾಡುತ್ತಿರುವ ಮನೆಮದ್ದೊಂದಿದೆ: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ ಸೇರಿಸಿ ರುಬ್ಬಿ, ಕೆಚ್ಚಲನ್ನು ತೊಳೆದು ಹಾಲು ಹಿಂಡಿದ ಮೇಲೆ, ಅದರಲ್ಲಿ ಒಂದು ಹಿಡಿಯನ್ನು ನೀರಿನಲ್ಲಿ ತೆಳುವಾಗಿ ಕದಡಿ, ಕೆಚ್ಚಲಿಗೆಲ್ಲ ದಿನಕ್ಕೆ ಎಂಟು ಹತ್ತು ಸಲ, ಐದು ದಿನಗಳವರೆಗೆ ಹಚ್ಚುವುದು. ಆರಂಭದ ಸಣ್ಣ ಬಾವಿಗೆ ಇದರಿಂದ ಗುಣ ಕಂಡಿದ್ದೇನೆ. ಆದರೆ ಹಸು ಮೇವು ಬಿಟ್ಟಿದ್ದರೆ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ, ಹಾಲು ಹಳದಿ ನೀರಿನಂತಿದ್ದರೆ, ಮದ್ದು ರುಬ್ಬುತ್ತ ಕೂರುವ ಸಮಯ ಅದಲ್ಲ. ಮೊಲೆ ತಣ್ಣಗಾಗಿ ನೀಲಿಗಟ್ಟಿದ್ದರೆ ಅದು ಕೊಳೆಯುತ್ತಿದೆ ಎಂದೇ ಅರ್ಥ, ಆ ಗಂಟೆಯಲ್ಲಿಯೇ ವೈದ್ಯರು ಬರಬೇಕು. ತಡವಾದರೆ ಹಸುವೇ ಉಳಿಯುವುದಿಲ್ಲ.

ಮೊಲೆಯೊಳಗೆ ಏರಿಸುವ ಟ್ಯೂಬ್‌ಗಳನ್ನು ವೈದ್ಯರು ಹೇಳಿದಷ್ಟು ದಿನ ಪೂರ್ತಿಯಾಗಿ ಹಾಕಬೇಕು. ಎರಡನೆಯ ದಿನ ಹಾಲು ಬಿಳಿಯಾಯಿತೆಂದು ನಿಲ್ಲಿಸಿದರೆ ಸ್ಟೆಫೈಲೊಕಾಕಸ್‌ನಂಥ ರೋಗಾಣು ಕೆಚ್ಚಲಿನ ಮಾಂಸದೊಳಗೆ ಅಡಗಿ ಕುಳಿತು, ಮುಂದೆ ಯಾವ ಔಷಧಿಗೂ ಬಗ್ಗದಂತಾಗುತ್ತದೆ. ಟ್ಯೂಬ್ ಹಾಕುವ ಮೊದಲು ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ, ಹತ್ತಿ ಸ್ವಚ್ಛವಾಗಿ ಬರುವ ತನಕ ಒರೆಸಬೇಕು. ಬಾವು ಮರಳಿ ಮರಳಿ ಬರುತ್ತಿದ್ದರೆ, ಔಷಧಿ ಆರಂಭಿಸುವ ಮುನ್ನವೇ ಶುದ್ಧವಾದ ಸೀಸೆಯಲ್ಲಿ ಹಾಲು ಹಿಡಿದು, ಬರ್ಫದಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುವುದು ಎಲ್ಲಕ್ಕಿಂತ ಒಳ್ಳೆಯದು; ಯಾವ ಔಷಧಿ ಆ ರೋಗಾಣುವಿಗೆ ನಾಟುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ. ಪುಣೆಯ ಔಂಧ್‌ನಲ್ಲಿ ಪಶುಸಂಗೋಪನಾ ಇಲಾಖೆಯ ರೋಗ ತಪಾಸಣಾ ವಿಭಾಗವಿದೆ.

ಸರ್ಕಾರದ ಸಂಚಾರಿ ಪಶುವೈದ್ಯ ಸೇವೆಗೆ 1962 ಸಂಖ್ಯೆಗೆ ಕರೆ ಮಾಡಬಹುದು. ಮರಾಠಿ ಪೂರ್ತಿ ಬಾರದವರಿಗೆ ನಾಲ್ಕು ಪದಗಳು ಸಾಕು: ಕೆಚ್ಚಲು ಎಂದರೆ ಕಾಸ, ಮೊಲೆ ಎಂದರೆ ಸಡ, ಚೊಚ್ಚಲು ಹಸು ಎಂದರೆ ಪಹಿಲಾರೂ, ಮಾಸು (ಈದ ಮೇಲೆ ಬೀಳುವ ಪೊರೆ) ಎಂದರೆ ವಾರ. ಕೆಚ್ಚಲು ಬಾವನ್ನು ಇಲ್ಲಿಯ ರೈತರು ಕಾಸಸುಜಿ ಅಥವಾ ದಗಡಿ ಎನ್ನುತ್ತಾರೆ. ಕಲ್ಲಾಗುವ ರೋಗಕ್ಕೆ ಅದು ತಕ್ಕ ಹೆಸರೇ. ಯಾವ ಮೊಲೆ, ಎಂದಿನಿಂದ, ಜ್ವರ ಎಷ್ಟು, ಈದು ಎಷ್ಟು ದಿನವಾಯಿತು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು ಹೇಳಿದರೆ ವೈದ್ಯರು ತಕ್ಕ ಔಷಧಿ ಹಿಡಿದೇ ಬರುತ್ತಾರೆ.

ಈದ ಮೊದಲ ದಿನ

ಕರು ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಯಬೇಕು. ರೋಗ ತಡೆಯುವ ಶಕ್ತಿಯನ್ನು ಕರು ಈ ಹಾಲಿನಿಂದಲೇ ಪಡೆಯುತ್ತದೆ, ಅದನ್ನು ಹೀರಿಕೊಳ್ಳುವ ಕರುಳಿನ ಸಾಮರ್ಥ್ಯ ಗಂಟೆಗಂಟೆಗೂ ಇಳಿಯುತ್ತ 24 ಗಂಟೆಗಳಲ್ಲಿ ಮುಗಿದುಹೋಗುತ್ತದೆ. ತೂಕದ ಹತ್ತರಲ್ಲಿ ಒಂದು ಪಾಲು ಬೇಕು, ಅಂದರೆ 22 ಕಿಲೊ ಕರುವಿಗೆ ಎರಡು ಲೀಟರಿಗೂ ಸ್ವಲ್ಪ ಹೆಚ್ಚು. ಇಲ್ಲಿ ಮರಾಠಿಯ ನೆರೆಹೊರೆಯವರು ಚೀಕ ಕೇಳಿಕೊಂಡು ಬರುತ್ತಾರೆ, ಪುಣೆಯವರಿಗೆ ಖರವಸ ಎಂದರೆ ಬಲು ಪ್ರೀತಿ; ನಮ್ಮಲ್ಲಿಯೂ ಗಿಣ್ಣು ಹಂಚುವ ಪದ್ಧತಿಯಿದೆ. ಆದರೂ ಖಿಲಾರಿಯ ಚೊಚ್ಚಲು ಹಸುವಿನಲ್ಲಿ ಗಿಣ್ಣು ಕಡಿಮೆ. ಮೊದಲ ದಿನದ್ದನ್ನು ಯಾರಿಗೂ ಕೊಡದೆ ಕರುವಿಗೇ ಮೀಸಲಿಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಕರುವನ್ನು ಬಿಡುವ ಮೊದಲು ಕೆಚ್ಚಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒಣ ಬಟ್ಟೆಯಿಂದ ಒರೆಸಿ, ನಾಲ್ಕು ಮೊಲೆಗಳಿಂದಲೂ ಒಂದೆರಡು ಧಾರೆ ಹಿಂಡಿ ನೋಡಲೇಬೇಕು. ಯಾವ ಮೊಲೆ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಆಗಲೇ ಗೊತ್ತಾಗುತ್ತದೆ. ಬಿರಡೆ ಬಿಗಿಯಾಗಿದ್ದರೆ ಎರಡು ಮೂರು ಸಲ ಒತ್ತಿ ಹಿಂಡಿದಾಗ ಬಿಟ್ಟುಕೊಳ್ಳುತ್ತದೆ. ಕೆಚ್ಚಲು ತುಂಬಿ ಮೊಲೆ ಮಾತ್ರ ಖಾಲಿಯಾಗಿ ಜೋತಿದ್ದರೆ ಒಳಗೆ ಪೊರೆ ಅಡ್ಡಬಂದಿರಬಹುದು. ಅದನ್ನು ತೆರೆಯುವ ಉಪಕರಣ ವೈದ್ಯರ ಬಳಿ ಇರುತ್ತದೆ. ಬೇವಿನ ಕಡ್ಡಿ, ಸೈಕಲ್ ವಾಲ್ವಿನ ನಳಿಕೆ, ಸೂಜಿ, ಇಂಥ ಯಾವುದನ್ನೂ ಮೊಲೆಯೊಳಗೆ ತೂರಿಸಬಾರದು. ಹಾಗೆ ಮಾಡಿ ಮೊಲೆ ಕಳೆದುಕೊಂಡ ಹಸುಗಳನ್ನು ಚಾಕಣ್ ಬಜಾರಿನಲ್ಲಿ ಮಾರಾಟಕ್ಕೆ ನಿಂತದ್ದು ನೋಡಿದಾಗ ಹೊಟ್ಟೆ ತೊಳಸುತ್ತದೆ.

ಮೊಲೆ ದಪ್ಪವಾಗಿ ಕರುವಿನ ಬಾಯಿಗೆ ಹಿಡಿಯದಿದ್ದರೆ, ಮೊದಲು ಅರ್ಧ ಹಿಂಡಿ ಸಣ್ಣದು ಮಾಡಿ, ಆಮೇಲೆ ಕರುವಿನ ಬಾಯಿಗೆ ಇಡಬೇಕು. ಕೆಲವು ದಿನ ಹೀಗೆ ಮಾಡಿದರೆ ಮೊಲೆಯೂ ಇಳಿಯುತ್ತದೆ, ಕರುವಿಗೂ ಅಭ್ಯಾಸವಾಗುತ್ತದೆ. ಮಾಸು 12 ಗಂಟೆಯೊಳಗೆ ಬೀಳದಿದ್ದರೆ ಕೈಯಿಂದ ಎಳೆಯದೆ ವೈದ್ಯರಿಗೆ ತಿಳಿಸಬೇಕು. ಗರ್ಭಕೋಶದ ಸೋಂಕು ಹಾಲನ್ನೂ ತಗ್ಗಿಸುತ್ತದೆ.

ಕರುವಿಗೆ ಹಾಲು ಸಾಲದಾದಾಗ

ಹಾಲು ಇಲ್ಲ ಎಂದು ಹೇಳುವ ಮೊದಲು, ಇಲ್ಲದ್ದು ಏಕೆ ಎಂದು ಬಿಡಿಸಿ ನೋಡಬೇಕು. ಕೆಚ್ಚಲು ಸಡಿಲವಾಗಿ, ಚರ್ಮ ಸುಕ್ಕಾಗಿದ್ದರೆ ಹಾಲು ಹುಟ್ಟುತ್ತಲೇ ಇಲ್ಲ. ಕೆಚ್ಚಲು ಬಿಗಿಯಾಗಿ ತುಂಬಿದ್ದು, ನಾಲ್ಕು ಮೊಲೆಗಳಿಂದಲೂ ಧಾರೆ ಬಾರದಿದ್ದರೆ ಹಾಲಿದೆ, ಹಸು ತೊರೆ ಬಿಡುತ್ತಿಲ್ಲ, ಅಂದರೆ ಹಾಲನ್ನು ಮೊಲೆಗೆ ಇಳಿಸುತ್ತಿಲ್ಲ. ಒಂದೇ ಮೊಲೆಯಲ್ಲಿ ಹೀಗಾದರೆ ಅಲ್ಲಿ ತಡೆಯಿದೆ. ಈ ಮೂರಕ್ಕೂ ಮದ್ದು ಬೇರೆ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ತೊರೆ ಬಿಡುವುದು ಮೆದುಳಿನಿಂದ ಬರುವ ಆಕ್ಸಿಟೋಸಿನ್ ಎಂಬ ರಸದ ಕೆಲಸ. ಕರು ಗುದ್ದಿದಾಗ, ಮೊಲೆ ಚೀಪಿದಾಗ ಅದು ರಕ್ತಕ್ಕೆ ಇಳಿದು, ಐದರಿಂದ ಏಳು ನಿಮಿಷ ಮಾತ್ರ ಕೆಲಸ ಮಾಡುತ್ತದೆ. ಹಸು ಹೆದರಿದರೆ, ನೋವಿನಲ್ಲಿದ್ದರೆ, ನಾಯಿ ಬೊಗಳಿದರೆ, ಹೊಸಬರು ಎದುರು ನಿಂತರೆ ಆ ರಸದ ಕೆಲಸ ನಿಲ್ಲುತ್ತದೆ. ಆದ್ದರಿಂದ ಚೊಚ್ಚಲು ಹಸುವಿಗೆ ಮೊದಲ ವಾರ ಶಾಂತವಾದ ಮೂಲೆ, ಪರಿಚಿತ ಕೈ, ಎದುರಿಗೆ ಒಂದಿಷ್ಟು ಹಿಂಡಿ, ಕಣ್ಣೆದುರು ಕರು ಇರಬೇಕು. ಆಕ್ಸಿಟೋಸಿನ್ ಚುಚ್ಚುಮದ್ದನ್ನು ಕಿರಾಣಿ ಸಾಮಾನಿನಂತೆ ಕದ್ದು ಮಾರುವವರಿಂದ ತಂದು ದಿನವೂ ಚುಚ್ಚುವುದು ಕಾನೂನಿಗೂ ವಿರುದ್ಧ, ಹಸುವಿಗೂ ಕೇಡು; ಅದರ ರೂಢಿಯಾದ ಹಸು ಚುಚ್ಚದೆ ಹಾಲು ಇಳಿಸುವುದೇ ಇಲ್ಲ.

ಹಾಲೇ ಹುಟ್ಟದಿದ್ದರೆ ಹೊಟ್ಟೆಯತ್ತ ನೋಡಬೇಕು. ಚೊಚ್ಚಲು ಹಸು ಇನ್ನೂ ಬೆಳೆಯುತ್ತಿರುವ ಪ್ರಾಣಿ. ತನ್ನ ಮೈಗೆ ಬೇಕಾದ ಪೋಷಣೆಯ ಮೇಲೆ ಮೊದಲ ಈತದಲ್ಲಿ ಶೇಕಡಾ 20, ಎರಡನೆಯ ಈತದಲ್ಲಿ ಶೇಕಡಾ 10ರಷ್ಟು ಹೆಚ್ಚುವರಿಯನ್ನು ಬರಿಯ ಬೆಳವಣಿಗೆಗಾಗಿಯೇ ಕೊಡಬೇಕೆಂದು ಪಶು ಆಹಾರದ ಲೆಕ್ಕ ಹೇಳುತ್ತದೆ. 350 ಕಿಲೊ ತೂಗುವ ಹಸು ದಿನಕ್ಕೆ ನಾಲ್ಕು ಲೀಟರ್ ಹಾಲು ಮಾಡುತ್ತಿದೆ ಎಂದುಕೊಳ್ಳೋಣ. ಒಳ್ಳೆಯ ಮೇವಿನ ಜೊತೆಗೆ ಮೂರರಿಂದ ಮೂರೂವರೆ ಕಿಲೊ ಹಿಂಡಿ-ಬೂಸಾ ಬೇಕಾಗುತ್ತದೆ. ಖಿಲಾರಿ ಕಡಿಮೆ ಹಾಲಿನದೆಂದು ಅದಕ್ಕೆ ಬರಿಯ ಕಣಿಕೆ ಹಾಕಿ, ಹಿಂಡಿಯನ್ನೆಲ್ಲ ಎಚ್‌ಎಫ್ ಹಸುವಿಗೆ ಸುರಿಯುವುದು ಇಲ್ಲಿಯ ಎಷ್ಟೋ ಕೊಟ್ಟಿಗೆಗಳಲ್ಲಿ ಕಾಣುವ ತಪ್ಪು. ಮೊದಲ ಈತದ ಹಸು ಪೂರ್ತಿ ಬೆಳೆದ ಹಸುವಿನ ಮುಕ್ಕಾಲು ಪಾಲಿನಷ್ಟು ಹಾಲು ಕೊಡುವುದು ಸಹಜ, ಆದ್ದರಿಂದ ಮೊದಲ ಈತ ನೋಡಿಯೇ ಹಸುವನ್ನು ಮಾರಲು ಹೊರಡಬಾರದು. ನೀರನ್ನು ಮರೆಯುವವರು ಬಹಳ. ಹಾಲೂಡುವ ಹಸುವಿನ ಮುಂದೆ ದಿನವಿಡೀ ನೀರಿರಬೇಕು.

ಹಿಂಡದೆ ಹಾಲನ್ನು ಅಳೆಯಲು ಕರುವನ್ನೇ ತಕ್ಕಡಿ ಮಾಡಿಕೊಳ್ಳಬಹುದು. ರಾತ್ರಿ ಕರು ಹೊಟ್ಟೆ ತುಂಬ ಕುಡಿದು ಕೆಚ್ಚಲು ಖಾಲಿಯಾದ ಮೇಲೆ ಅದನ್ನು ತಾಯಿಗೆ ಕಾಣುವಂತೆ ಬೇರೆ ಕಟ್ಟಿ, ಎಂಟು ಗಂಟೆಗಳ ನಂತರ ತೂಗಿ, ಕುಡಿಯಲು ಬಿಟ್ಟು, ಕುಡಿದು ಮುಗಿಸಿದ ಕೂಡಲೇ ಮತ್ತೆ ತೂಗಬೇಕು. ಎರಡು ತೂಕಗಳ ನಡುವಿನ ವ್ಯತ್ಯಾಸ 1.2 ಕಿಲೊ ಬಂದರೆ, ದಿನಕ್ಕೆ ಸುಮಾರು 3.6 ಕಿಲೊ ಹಾಲು ಎಂದಾಯಿತು. ನಡುವೆ ಕರು ಸಗಣಿ ಹಾಕಿದರೆ, ಉಚ್ಚೆ ಹೊಯ್ದರೆ ಲೆಕ್ಕ ತಪ್ಪುತ್ತದೆ, ಮರುದಿನ ಮತ್ತೆ ಮಾಡಬೇಕು. ಕರುವನ್ನು ಎತ್ತಿಕೊಂಡು ಮನುಷ್ಯರ ತೂಕದ ಯಂತ್ರದ ಮೇಲೆ ನಿಂತು, ನಮ್ಮ ತೂಕವನ್ನು ಕಳೆದರೂ ಸಾಕು. ನೂರು ಗ್ರಾಂ ವ್ಯತ್ಯಾಸ ತೋರಿಸುವ ಯಂತ್ರವಾಗಿರಬೇಕು ಅಷ್ಟೇ.

ಅಷ್ಟು ಆಗದವರು ವಾರಕ್ಕೊಮ್ಮೆ ದರ್ಜಿಯ ಟೇಪಿನಿಂದ ಕರುವಿನ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ಎಲುಬಿನವರೆಗಿನ ಉದ್ದವನ್ನೂ ಅಂಗುಲದಲ್ಲಿ ಅಳೆದು, ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೊ ಲೆಕ್ಕದ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 30, ಉದ್ದ 26 ಇದ್ದರೆ ಸುಮಾರು 35 ಕಿಲೊ. ಒಂದು ಕಿಲೊ ಮೈ ಬೆಳೆಯಲು ಎಂಟರಿಂದ ಹತ್ತು ಲೀಟರ್ ಹಾಲು ಬೇಕಾಗುವುದರಿಂದ, ವಾರಕ್ಕೆ ಎರಡೂವರೆ ಕಿಲೊ ಏರುತ್ತಿರುವ ಕರುವಿನ ತಾಯಿಯ ಬಗ್ಗೆ ಚಿಂತೆ ಬೇಡ.

ಅಳತೆಯಿಲ್ಲದೆಯೂ ಕರು ಬಹಳಷ್ಟನ್ನು ಹೇಳುತ್ತದೆ. ಹೊಟ್ಟೆ ತುಂಬಿದ ಕರು ಬಾಯಿಯ ಸುತ್ತ ನೊರೆ ಹತ್ತಿಸಿಕೊಂಡು ಮಲಗುತ್ತದೆ. ಹಸಿದ ಕರು ಬಿಡದೆ ಗುದ್ದುತ್ತದೆ, ಮೊಲೆಯಿಂದ ಮೊಲೆಗೆ ಹಾರುತ್ತದೆ, ಬೇರೆ ಹಸುಗಳ ಹಿಂದೆ ಹೋಗುತ್ತದೆ, ಗೋಡೆಯನ್ನೂ ಹಗ್ಗವನ್ನೂ ನೆಕ್ಕುತ್ತದೆ. ತಾಯಿಯ ಮೊಲೆಗಳನ್ನೂ ನೋಡಬೇಕು: ಕರು ಚೀಪಿದ ಮೊಲೆ ತೊಳೆದಂತೆ ಹೊಳೆಯುತ್ತಿರುತ್ತದೆ, ಮಣ್ಣು, ಸಗಣಿ ಒಣಗಿ ಅಂಟಿಕೊಂಡಿರುವ ಮೊಲೆಯನ್ನು ಅದು ಮುಟ್ಟಿಲ್ಲ. ಬೆಳಗಿನ ಈ ಒಂದು ನೋಟ ನನ್ನ ಮಟ್ಟಿಗೆ ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚಿನದು. ಚೀಪದ ಮೊಲೆ ಕಂಡ ದಿನವೇ ಅದನ್ನು ಕೈಯಿಂದ ಹಿಂಡಿ ಖಾಲಿ ಮಾಡಿ, ಹಾಲನ್ನು ಕಪ್ಪು ಬಟ್ಟೆಯ ಮೇಲೆ ನೋಡಿ, ಚೆನ್ನಾಗಿದ್ದರೆ ಕರುವಿನ ಬಾಯಿಗೆ ಅದೇ ಮೊಲೆಯನ್ನು ಮೊದಲು ಕೊಡಬೇಕು.

ಮೊಲೆಯ ಚರ್ಮಕ್ಕೂ ಗಮನ ಬೇಕು. ಡಿಸೆಂಬರ್, ಜನವರಿಯ ಪುಣೆಯ ಒಣ ಚಳಿಯಲ್ಲಿ ಮೊಲೆ ಬಿರಿಯುತ್ತದೆ, ಕರುವಿನ ಹಲ್ಲು ತಾಗಿ ಗಾಯವಾಗುತ್ತದೆ. ನೋವಿಗೆ ಹಸು ಕರುವನ್ನು ಹತ್ತಿರ ಬಿಡುವುದಿಲ್ಲ. ಕರು ಕುಡಿದ ನಂತರ ಗ್ಲಿಸರಿನ್ ಸೇರಿದ, ಶೇಕಡಾ 0.5 ಅಯೋಡಿನ್ ಇರುವ ದ್ರಾವಣದಲ್ಲಿ ಮೊಲೆಯ ತುದಿ ಅದ್ದಿ, ಮುಂದಿನ ಸಲ ಕರು ಬಿಡುವ ಮೊದಲು ತೊಳೆಯಬೇಕು. ಹಾಲು ಬಿಟ್ಟ ಮೇಲೆ ಮೊಲೆಯ ತೂತು ಅರ್ಧ ಗಂಟೆಗೂ ಹೆಚ್ಚು ತೆರೆದಿರುವುದರಿಂದ, ಆ ಹೊತ್ತಿಗೆ ಮೇವು ಹಾಕಿದರೆ ಹಸು ಮಲಗದೆ ನಿಂತಿರುತ್ತದೆ. ಮೊಲೆಯ ಮೇಲೆ ಗುಳ್ಳೆ ಎದ್ದು, ಬಾಯಲ್ಲಿ ಜೊಲ್ಲು, ಕಾಲಲ್ಲಿ ಕುಂಟು ಕಂಡರೆ ಅದು ಕಾಲುಬಾಯಿ ಜ್ವರ. 2022ರಲ್ಲಿ ಮಹಾರಾಷ್ಟ್ರವನ್ನು ಕಾಡಿದ ಚರ್ಮಗಂಟು ರೋಗವೂ ಕೆಚ್ಚಲ ಮೇಲೆ ಗಂಟುಗಳನ್ನು ತರುತ್ತದೆ. ಎರಡಕ್ಕೂ ಲಸಿಕೆಯಿದೆ, ವೇಳೆಗೆ ಹಾಕಿಸಬೇಕು.

ತಳಿಯ ಆಯ್ಕೆಯಲ್ಲಿ ನಾವು ಕೋಡು, ಬಣ್ಣ, ನಡಿಗೆ ನೋಡುತ್ತೇವೆ, ಕೆಚ್ಚಲು ನೋಡುವುದಿಲ್ಲ. ಜೋತುಬಿದ್ದ ಕೆಚ್ಚಲು, ಬಾಟಲಿಯಂಥ ಮೊಲೆ ಮಗಳಿಗೆ ಇಳಿದು ಬರುತ್ತವೆ, ಹೋರಿಯ ತಾಯಿಯಿಂದಲೂ ಬರುತ್ತವೆ. ಉರುಳಿಕಾಂಚನದಲ್ಲಿ 1967ರಲ್ಲಿ ಮಣಿಭಾಯಿ ದೇಸಾಯಿಯವರು ಕಟ್ಟಿದ ಬಾಯಫ್‌ನಂಥ ಸಂಸ್ಥೆಯಿಂದ ಕೃತಕ ಗರ್ಭಧಾರಣೆ ಮಾಡಿಸುವುದಿರಲಿ, ಊರ ಹೋರಿಗೆ ಬಿಡುವುದಿರಲಿ, ಹೋರಿಯ ತಾಯಿಯ ಕೆಚ್ಚಲು ಹೇಗಿತ್ತೆಂದು ಕೇಳಿ ತಿಳಿಯಬೇಕು. ನಾಲ್ಕಕ್ಕಿಂತ ಹೆಚ್ಚಾಗಿ ಹುಟ್ಟಿದ ಸಣ್ಣ ಮೊಲೆಗಳನ್ನು ಹೆಣ್ಣುಗರು ಇನ್ನೂ ಎಳೆಯದಾಗಿರುವಾಗಲೇ ವೈದ್ಯರಿಂದ ತೆಗೆಸಬೇಕು.

ಆರೇಳು ತಿಂಗಳಿಗೆ ಕರುವನ್ನು ಹಾಲು ಬಿಡಿಸಿದ ಮೇಲೆ ಕೆಚ್ಚಲಿನ ಕೆಲಸ ಮುಗಿಯಿತೆಂದು ಅನ್ನಿಸುತ್ತದೆ, ಆದರೆ ಹೊಸ ಸೋಂಕು ಹೆಚ್ಚಾಗಿ ಸೇರುವುದು ಹಾಲು ಬತ್ತುವ ಮೊದಲ ಎರಡು ವಾರಗಳಲ್ಲಿಯೇ. ಆ ಹೊತ್ತಿನಲ್ಲಿ ಹಿಂಡಿಯನ್ನು ತಗ್ಗಿಸಿ, ಮೊಲೆಗಳನ್ನು ಕೆಲವು ದಿನ ಅಯೋಡಿನ್ ದ್ರಾವಣದಲ್ಲಿ ಅದ್ದಿ, ಕೆಚ್ಚಲು ಬಿಗಿಯಾಗಿದ್ದರೂ ಬಿಸಿ, ನೋವು ಇಲ್ಲದಿದ್ದರೆ ಹಿಂಡದೆ ಬಿಡಬೇಕು. ಹಿಂಡಿದಷ್ಟೂ ಹಾಲು ಮತ್ತೆ ಹುಟ್ಟುತ್ತದೆ. ಒಂದೇ ಭಾಗ ಉಳಿದವಕ್ಕಿಂತ ತಡವಾಗಿ ಇಳಿದರೆ ಅದರ ಹೆಸರನ್ನು, ಮುಂದಿನದೋ ಹಿಂದಿನದೋ, ಎಡವೋ ಬಲವೋ ಎಂದು, ತಾರೀಖು ಸಹಿತ ಪುಸ್ತಕದಲ್ಲಿ ಬರೆಯಬೇಕು. ಎರಡನೆಯ ಸಲ ಈದ ದಿನ ಮೊದಲು ಹಿಂಡಿ ನೋಡಬೇಕಾದ ಮೊಲೆ ಅದೇ.